ತರಗತಿಯ ಮೌನವೂ ಮಗುವಿನ ಪ್ರಶ್ನೆಯೂ

ಪಾಠಶಾಲೆಯೆಂದರೆ ನಿಶ್ಶಬ್ದವಾಗಿರಬೇಕೆಂಬ ಭಾವನೆ ಸಮಾಜದಲ್ಲಿ ಬಹುಕಾಲದಿಂದ ಬೇರೂರಿದೆ. ಸದ್ದಿಲ್ಲದ ತರಗತಿಯನ್ನು ಕಂಡು ಪಾಲಕರು ಶಿಕ್ಷಕರನ್ನು ಮೆಚ್ಚುತ್ತಾರೆ. ಪಾಠದ ನಡುವೆ ಬಾಯಿ ಹಾಕುವ ಮಗು ಅಶಿಸ್ತಿನದೆನಿಸಿಕೊಳ್ಳುತ್ತದೆ. ಆದರೆ ಆ ಮೌನ ಎಲ್ಲಿಂದ ಹುಟ್ಟಿತೆಂದು ವಿಚಾರಿಸುವವರು ವಿರಳ. ಸಂಯಮದಿಂದ ಬಂದ ಮೌನ ಬೇರೆ, ಭಯದಿಂದ ಬಂದ ಮೌನ ಬೇರೆ. ಮೊದಲನೆಯದು ವ್ರತ, ಎರಡನೆಯದು ಬಂಧನ.

ವಿಜಯಪುರ ನಗರ, ತಿಕೋಟಾ, ಬಬಲೇಶ್ವರಗಳ ಸರಕಾರಿ ಶಾಲೆಗಳಲ್ಲಿ ಎಳೆಯ ಮಕ್ಕಳ ಕಲಿಕೆಗೆ ಬಂದ ‘ನಲಿ-ಕಲಿ’ ಪದ್ಧತಿಯನ್ನೇ ನೋಡಬಹುದು. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ಮೊದಲಾದ ಈ ಪದ್ಧತಿ 2009-10ರಲ್ಲಿ ರಾಜ್ಯಕ್ಕೆಲ್ಲ ಹರಡಿತು. ಇದರಲ್ಲಿ ಬೇರೆ ಬೇರೆ ತರಗತಿಯ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪುಗಳಾಗಿ ಕುಳಿತು ಕಾರ್ಡುಗಳ ನೆರವಿನಿಂದ ಕಲಿಯುತ್ತಾರೆ. ಶಿಕ್ಷಕರು ಒಂದು ಗುಂಪಿನೊಡನೆ ಇರುವಾಗಲೇ ಇನ್ನೊಂದು ಗುಂಪಿನ ಮಗು “ಇದು ಮುಗೀತ್ರಿ, ಮುಂದಿನದು ಯಾವುದ್ರಿ?” ಎಂದು ಓಡಿಬರುವುದು ಸಹಜ. ಮತ್ತೊಂದು ಮಗು ಪೆನ್ಸಿಲ್ ಕಸಿದುಕೊಂಡವನ ಮೇಲೆ ದೂರು ತರುತ್ತದೆ. ಮನೆಯಲ್ಲಿ ಲಂಬಾಣಿ ಆಡುವ ತಾಂಡಾದ ಮಗು ಕನ್ನಡ ಶಬ್ದವೊಂದರ ಅರ್ಥವನ್ನು ಪಕ್ಕದವಳ ಕಿವಿಯಲ್ಲಿ ಕೇಳುತ್ತದೆ. ಕಿವಿಗೆ ಇವೆಲ್ಲ ಒಂದೇ ಗದ್ದಲ. ವಿವೇಕಕ್ಕೆ ಹಾಗಲ್ಲ: ಮೊದಲನೆಯದು ಉತ್ಸಾಹ, ಎರಡನೆಯದು ಜಗಳ, ಮೂರನೆಯದು ಸಾಕ್ಷಾತ್ ಕಲಿಕೆ. ಒಂದೇ ಗದರಿಕೆಯಿಂದ ಮೂರನ್ನೂ ಅಡಗಿಸಿದರೆ ಜಗಳದೊಡನೆ ಕಲಿಕೆಯೂ ಅಡಗುತ್ತದೆ.

ಹಾಗೆಂದು ಮಗು ಮನಬಂದಂತೆ ಮಾತನಾಡಬಹುದೇ? ಶಿಕ್ಷಣ ಹಕ್ಕು ಕಾಯ್ದೆಯ ಪ್ರಾಥಮಿಕ ಹಂತದ ಮಾನದಂಡದಂತೆ 30 ಮಕ್ಕಳಿಗೆ ಒಬ್ಬ ಶಿಕ್ಷಕರು. ಒಂದೇ ಮಗು ಎಡೆಬಿಡದೆ ಮಾತನಾಡಿದರೆ ಉಳಿದವರ ಪಾಲಿನ ಕಾಲ ನಷ್ಟವಾಗುತ್ತದೆ. ಮಾತೂ ಒಂದು ಸಂಪತ್ತೇ. ಅದನ್ನು ಒಬ್ಬರೇ ಕೂಡಿಟ್ಟುಕೊಳ್ಳುವುದು ಪರಿಗ್ರಹವೇ ಸರಿ. ಆದರೆ ತರಗತಿಯಲ್ಲಿ ಅತಿ ಹೆಚ್ಚು ಮಾತನಾಡುವವರು ಯಾರು? ಶಿಕ್ಷಕರೇ. ಆದುದರಿಂದ ಪರಿಮಿತಿಯೂ ಅಲ್ಲಿಂದಲೇ ಆರಂಭವಾಗಬೇಕು. ಪ್ರಶ್ನೆ ಕೇಳಿದ ಶಿಕ್ಷಕರು ಉತ್ತರಕ್ಕಾಗಿ ಕಾಯುವುದು ಸಾಮಾನ್ಯವಾಗಿ ಒಂದು ಸೆಕೆಂಡಿನಷ್ಟು ಮಾತ್ರವೆಂದು ಅಮೆರಿಕದ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲಿ ತೋರಿಸಿದರು. ಮೂರು ಸೆಕೆಂಡು ಕಾದಲ್ಲಿ ಉತ್ತರಗಳು ದೀರ್ಘವಾದವು. ಹಿಂದುಳಿದ ಮಕ್ಕಳೂ ಬಾಯಿ ತೆರೆದರು.

ಪ್ರಶ್ನೆಗೆ ಶಾಸ್ತ್ರವು ಕೊಟ್ಟ ಗೌರವ ದೊಡ್ಡದು. ತತ್ತ್ವಾರ್ಥಸೂತ್ರವು ಹೇಳುವ ಸ್ವಾಧ್ಯಾಯದ ಐದು ಬಗೆಗಳಲ್ಲಿ ಪೃಚ್ಛನೆ, ಅಂದರೆ ಕೇಳುವುದು, ಎರಡನೆಯದು. ಕೇವಲಜ್ಞಾನವಾದ ಮೇಲೂ 66 ದಿನ ಮಹಾವೀರರ ದಿವ್ಯಧ್ವನಿ ಹೊರಡಲಿಲ್ಲ, ಇಂದ್ರಭೂತಿ ಗೌತಮರು ಬಂದ ಮೇಲೆಯೇ ಹೊರಟಿತೆಂಬುದು ದಿಗಂಬರ ಪರಂಪರೆಯ ನಂಬಿಕೆ. ಯೋಗ್ಯ ಶಿಷ್ಯನಿಗಾಗಿ ಉಪದೇಶವೇ ಕಾದಿತ್ತು! ಹೊಡೆಯುವುದು, ಅನ್ನಪಾನಗಳನ್ನು ತಡೆಯುವುದು ಅಹಿಂಸಾಣುವ್ರತದ ಅತಿಚಾರಗಳೆಂದೂ ಅದೇ ಗ್ರಂಥ ಎಣಿಸುತ್ತದೆ. ನಡುವೆ ಮಾತನಾಡಿದ ತಪ್ಪಿಗೆ ಬಿಸಿಲುನಾಡಿನ ಮಗುವನ್ನು ನೀರು ಕುಡಿಯಲು ಬಿಡದಿರುವುದು ಇದರಿಂದ ಎಷ್ಟು ದೂರ? 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೆಯ ಕಲಮು ದೈಹಿಕ ದಂಡನೆ, ಮಾನಸಿಕ ಕಿರುಕುಳಗಳೆರಡನ್ನೂ ನಿಷೇಧಿಸಿದೆ. ಕಾನೂನು ಕೋಲನ್ನು ತಡೆದೀತು. ಮಾತಿನಲ್ಲಿ ಅಡಗಿದ ಕ್ರೋಧವನ್ನು ತಡೆಯಲು ಭಾಷಾಸಮಿತಿಯೇ ಬೇಕು.

ಉಪಾಯಗಳು ಸರಳವಾಗಿವೆ. ಮಗು ಮೊದಲು ಗೆಳೆಯರನ್ನು ಕೇಳಲಿ, ತಿಳಿಯದಿದ್ದರೆ ಶಿಕ್ಷಕರನ್ನು. ಸಹಪಾಠಿಗಳ ನೆರವು ನಲಿ-ಕಲಿಯ ಒಂದು ಅಂಗವೇ ಆಗಿದೆ. ನೀರಿಗೆ, ಹೊರಹೋಗಲು ಬೆರಳಿನ ಸಂಜ್ಞೆಯಿದ್ದರೆ ಪಾಠ ನಿಲ್ಲುವುದಿಲ್ಲ. ಹರಟುವ ಮಗುವಿನ ಬಳಿಗೆ ಹೋಗಿ ತಗ್ಗಿದ ದನಿಯಲ್ಲಿ ಆಡಿದ ಮಾತು, ದೂರದಿಂದ ಕೂಗಿದ ಮಾತಿಗಿಂತ ಬೇಗ ನಾಟುತ್ತದೆ. ಬಸದಿಗಳ ಟ್ರಸ್ಟುಗಳು ನಡೆಸುವ ಪಾಠಶಾಲೆಗಳಲ್ಲಿಯೂ ಕೊನೆಯ ಹತ್ತು ನಿಮಿಷ ಮಕ್ಕಳ ಪ್ರಶ್ನೆಗಳಿಗೆ ಮೀಸಲಾಗಲಿ.

ತನ್ನ ಪ್ರಶ್ನೆಗೆ ಎಡೆಯುಂಟೆಂದು ಬಲ್ಲ ಮಗು ಕಾಯಲು ಕಲಿಯುತ್ತದೆ. ಎಡೆಯೇ ಇಲ್ಲವೆಂದು ತಿಳಿದ ಮಗು ಒಂದೋ ಗದ್ದಲ ಮಾಡುತ್ತದೆ, ಇಲ್ಲವೇ ಕೇಳುವುದನ್ನೇ ಬಿಡುತ್ತದೆ. ಎರಡನೆಯದನ್ನು ಶಿಸ್ತೆಂದು ಭ್ರಮಿಸದಿರುವುದು ಹಿರಿಯರ ಕರ್ತವ್ಯ.