ಫಾಸ್ಟ್‌ಟ್ರ್ಯಾಕ್ ತಗೊಳ್ಳೋದಾ, ಬೇಡ್ವಾ?



ಇವತ್ತಿನ ವಿಷಯ ಕೇಳಿ ಕೆಲವರಿಗೆ ನಗು ಬರಬಹುದು. ವಂಡರ್‌ಲಾಗೆ ಹೋಗುವಾಗ ಫಾಸ್ಟ್‌ಟ್ರ್ಯಾಕ್ ಟಿಕೆಟ್ ತಗೋಬೇಕಾ, ಬೇಡ್ವಾ? "ಇದೂ ಒಂದು ಸಂದೇಶದ ವಿಷಯಾನಾ ಬ್ರದರ್?" ಅಂತ ಕೇಳ್ತೀರಿ. ಹೌದು, ಇದೂ ಸಂದೇಶದ ವಿಷಯಾನೇ. ನಮ್ಮ ದುಡ್ಡು, ನಮ್ಮ ಸಮಯ, ನಮ್ಮ ಪಕ್ಕದಲ್ಲಿ ನಿಂತವರು, ಇವುಗಳ ಬಗ್ಗೆ ನಾವು ನಿಜವಾಗಿ ಏನು ನಂಬ್ತೀವಿ ಅನ್ನೋದು ಭಾನುವಾರ ಕೈ ಎತ್ತಿ ಹಾಡುವಾಗ ಗೊತ್ತಾಗಲ್ಲ. ಇಂಥ ಸಣ್ಣ ತೀರ್ಮಾನಗಳಲ್ಲಿ ಗೊತ್ತಾಗುತ್ತೆ.

ಯೂತ್ ಔಟಿಂಗ್ ವಿಷಯ ಬಂದಾಗ ಇಬ್ಬರು ನನ್ನನ್ನ ಕೇಳಿದ್ರು. ಒಬ್ಬರದು, "ನನ್ನ ದುಡ್ಡು ಕೊಟ್ಟು ನಾನು ತಗೊಂಡ್ರೆ ಯಾರಿಗೆ ಏನು ನಷ್ಟ?" ಇನ್ನೊಬ್ಬರದು, "ಸಾಲಲ್ಲಿ ನಿಂತಿರೋರನ್ನ ದಾಟಿ ಮುಂದೆ ಹೋಗೋದು ವಿಶ್ವಾಸಿಗೆ ಸರೀನಾ?" ಎರಡೂ ಒಳ್ಳೆ ಪ್ರಶ್ನೆಗಳೇ. ಒಂದೊಂದಾಗಿ ನೋಡೋಣ.

ಮೊದಲು ಲೆಕ್ಕದಿಂದ ಶುರು ಮಾಡೋಣ. ಗೋಪುರ ಕಟ್ಟೋಕೆ ಹೊರಟವನು ಮೊದಲು ಕೂತ್ಕೊಂಡು ಖರ್ಚು ಲೆಕ್ಕ ಹಾಕ್ತಾನೆ ಅಂತ ಯೇಸು ಸ್ವಾಮಿಯೇ ಉದಾಹರಣೆ ಕೊಟ್ಟರು. ಲೆಕ್ಕ ಹಾಕೋದು ಅವಿಶ್ವಾಸ ಅಲ್ಲ, ಜವಾಬ್ದಾರಿ.

ಬಿಡದಿ ಹತ್ತಿರ ಮೈಸೂರು ರಸ್ತೆಯಲ್ಲಿರೋ ವಂಡರ್‌ಲಾ 2005ರಲ್ಲಿ ಶುರುವಾಯ್ತು. ಬೆಂಗಳೂರಿನ ಶಾಲೆ, ಕಾಲೇಜು, ಆಫೀಸು, ಸಭೆ, ಎಲ್ಲರೂ ಒಂದಲ್ಲ ಒಂದು ಸಲ ಬಸ್ ಮಾಡಿಕೊಂಡು ಹೋಗಿರೋ ಜಾಗ. ಅಲ್ಲಿ ಎರಡು ಥರ ಟಿಕೆಟ್ ಇದೆ. ಮಾಮೂಲಿ ಟಿಕೆಟ್ ತಗೊಂಡ್ರೆ ಮಾಮೂಲಿ ಸಾಲು. ಜಾಸ್ತಿ ಕೊಟ್ಟು ಫಾಸ್ಟ್‌ಟ್ರ್ಯಾಕ್ ತಗೊಂಡ್ರೆ ಆ ಸೌಲಭ್ಯ ಇರೋ ರೈಡ್‌ಗಳಲ್ಲಿ ಬೇರೆ ದಾರಿ, ಚಿಕ್ಕ ಸಾಲು.

ನೀವು ಮಂಗಳವಾರ ಹೋಗ್ತಿದ್ದೀರಿ, ಪರೀಕ್ಷೆ ಸಮಯ, ಜನ ಇಲ್ಲ ಅಂದುಕೊಳ್ಳಿ. ಆಗ ಈ ಪಾಸ್ ದಂಡ. ಹತ್ತು ನಿಮಿಷದ ಸಾಲನ್ನ ಐದು ನಿಮಿಷ ಮಾಡೋಕೆ ಯಾಕೆ ದುಡ್ಡು? ಅದೇ ಕ್ರಿಸ್ಮಸ್ ರಜೆ, ಬೇಸಿಗೆ ರಜೆ, ಉದ್ದ ವೀಕೆಂಡ್ ಆದ್ರೆ ಒಂದೊಂದು ರೈಡ್‌ಗೂ ಮುಕ್ಕಾಲು ಗಂಟೆ ನಿಲ್ಲಬೇಕಾಗಬಹುದು. ಆಗ ಪಾಸ್‌ನಿಂದ ಸಮಯ ನಿಜವಾಗಿಯೂ ಉಳಿಯುತ್ತೆ.

ಆದ್ರೆ ಉಳಿದ ಸಮಯದ ಬೆಲೆ ಎಲ್ಲರಿಗೂ ಒಂದೇನಾ? ಒಂದು ಉದಾಹರಣೆ ತಗೊಳ್ಳೋಣ. ಪಾಸ್‌ಗೆ ಹೆಚ್ಚುವರಿ 1,200 ರೂಪಾಯಿ, ಅದರಿಂದ ದಿನಕ್ಕೆ 3 ಗಂಟೆ ಉಳೀತು ಅಂತ ಇಟ್ಕೊಳ್ಳಿ. ಒಬ್ಬ ತಮ್ಮ ಐಟಿ ಕಂಪನಿಯಲ್ಲಿದ್ದಾನೆ, ತಿಂಗಳಿಗೆ 80,000 ಸಂಬಳ, 22 ದಿನ, ದಿನಕ್ಕೆ 8 ಗಂಟೆ ಕೆಲಸ. ಅವನ ಒಂದು ಗಂಟೆಗೆ ಸುಮಾರು 455 ರೂಪಾಯಿ. ಮೂರು ಗಂಟೆ ಉಳಿಸೋಕೆ ಅವನು ಮೂರು ಗಂಟೆಗಿಂತ ಕಡಿಮೆ ದುಡಿದ್ರೆ ಸಾಕು. ಅವನಿಗೆ ಪಾಸ್ ಲಾಭ.

ಅದೇ ಬೆಂಚಲ್ಲಿ ಅವನ ಪಕ್ಕ ಕೂರೋ ಒಬ್ಬ ತಂಗಿ ಇದ್ದಾಳೆ. ಬಟ್ಟೆ ಅಂಗಡಿಯಲ್ಲಿ ಕೆಲಸ, ತಿಂಗಳಿಗೆ 18,000, 26 ದಿನ. ಅವಳ ಒಂದು ಗಂಟೆಗೆ 87 ರೂಪಾಯಿಯೂ ಬರಲ್ಲ. ಅದೇ ಮೂರು ಗಂಟೆ ಉಳಿಸೋಕೆ ಅವಳು ಹೆಚ್ಚುಕಡಿಮೆ 14 ಗಂಟೆ ನಿಂತು ದುಡೀಬೇಕು. ರೈಡ್ ಅದೇ, ಬಿಸಿಲು ಅದೇ, ಇಬ್ಬರ ಆಸೆಯೂ ಅಷ್ಟೇ. ನೋಡಿ, ಪಾಸ್‌ನ ಬೆಲೆ ಯಾರಿಗೆ ಎಷ್ಟು ಆಸೆ ಇದೆ ಅಂತ ಅಳೆಯಲ್ಲ. ಯಾರ ಹತ್ರ ಎಷ್ಟಿದೆ ಅಂತ ಅಳೆಯುತ್ತೆ.

ಈಗ ಎರಡನೇದು. "ಯಾರಿಗೆ ಏನು ನಷ್ಟ?" ಅಂದ್ರಲ್ಲ, ಅದಕ್ಕೂ ಲೆಕ್ಕ ಇದೆ. ಒಂದು ರೈಡ್ ಗಂಟೆಗೆ 600 ಜನರನ್ನ ಕೂರಿಸುತ್ತೆ ಅಂದುಕೊಳ್ಳಿ. ನಿಮ್ಮ ಮುಂದೆ 600 ಜನ ಇದ್ದಾರೆ, ಒಂದು ಗಂಟೆಗೆ ನಿಮ್ಮ ಸರದಿ. ಈಗ ಪಕ್ಕದ ದಾರಿಯಿಂದ ಗಂಟೆಗೆ 200 ಜನ ಪಾಸ್ ತೋರಿಸಿ ಬರ್ತಾರೆ. ನಿಮ್ಮ ಸಾಲಿಗೆ ಉಳಿದ ಸೀಟು ಗಂಟೆಗೆ 400. ಒಂದು ಗಂಟೆ ಇದ್ದದ್ದು ಒಂದೂವರೆ ಗಂಟೆ ಆಯ್ತು. ಪಾಸ್ ಮಾರಿದ್ರಿಂದ ರೈಡ್ ಜೋರಾಗಿ ತಿರುಗಲಿಲ್ಲ, ಒಂದು ಸೀಟೂ ಜಾಸ್ತಿ ಆಗಲಿಲ್ಲ. ಅಂದ್ರೆ ಪಾಸ್ ಸಮಯವನ್ನ ಸೃಷ್ಟಿ ಮಾಡಲ್ಲ. ಒಬ್ಬರ ಮೇಲಿದ್ದ ಕಾಯುವಿಕೆಯನ್ನ ಇಳಿಸಿ ಇನ್ನೊಬ್ಬರ ಮೇಲೆ ಇಡುತ್ತೆ. ಇನ್ನೂ ಒಂದು ಗಮನಿಸಿ. ಮಾಮೂಲಿ ಸಾಲು ಉದ್ದ ಆದಷ್ಟೂ ಪಾಸ್ ಬೇಕು ಅನ್ನಿಸುತ್ತೆ. ಆ ಉದ್ದ ಸಾಲೇ ಪಾಸ್‌ಗೆ ಜಾಹೀರಾತು.

ಇದು ಎಲ್ಲಿವರೆಗೆ ಹೋಗಬಹುದು ಅನ್ನೋದಕ್ಕೆ ಅಮೆರಿಕದ ಡಿಸ್ನಿ ಪಾರ್ಕ್‌ಗಳನ್ನ ನೋಡಿ. 1999ರಲ್ಲಿ ಅವರು ಫಾಸ್ಟ್‌ಪಾಸ್ ತಂದಾಗ ಅದಕ್ಕೆ ಬೇರೆ ದುಡ್ಡು ಇರಲಿಲ್ಲ. ಒಳಗೆ ಬಂದ ಯಾರು ಬೇಕಾದ್ರೂ ಚೀಟಿ ತಗೊಂಡು, ಅದರಲ್ಲಿದ್ದ ಸಮಯಕ್ಕೆ ಬಂದು ಹತ್ತಬಹುದಿತ್ತು. ಕೋವಿಡ್‌ನಲ್ಲಿ ಪಾರ್ಕ್‌ಗಳು ಮುಚ್ಚಿ ತೆರೆದ ಮೇಲೆ ಆ ಉಚಿತ ವ್ಯವಸ್ಥೆ ವಾಪಸ್ ಬರಲಿಲ್ಲ. 2021ರ ಅಕ್ಟೋಬರ್‌ನಲ್ಲಿ ಫ್ಲಾರಿಡಾದಲ್ಲಿ ಜೀನಿ ಪ್ಲಸ್ ಬಂತು, ಒಬ್ಬರಿಗೆ ದಿನಕ್ಕೆ 15 ಡಾಲರ್. 2024ರ ಅಕ್ಟೋಬರ್‌ನಲ್ಲಿ ಲೈಟ್ನಿಂಗ್ ಲೇನ್ ಪ್ರೀಮಿಯರ್ ಪಾಸ್ ಬಂತು. ಕ್ಯಾಲಿಫೋರ್ನಿಯಾದ ಡಿಸ್ನಿಲ್ಯಾಂಡ್‌ನಲ್ಲಿ ಅದರ ಆರಂಭದ ಬೆಲೆ ಒಬ್ಬರಿಗೆ 400 ಡಾಲರ್, ಪ್ರವೇಶದ ಟಿಕೆಟ್ ಬೇರೆ. ಎಲ್ಲರಿಗೂ ಸಮನಾಗಿ ಸಿಗ್ತಿದ್ದದ್ದು 25 ವರ್ಷದಲ್ಲಿ ಕೆಲವರ ಕೈಗೆ ಮಾತ್ರ ಸಿಗೋ ವಸ್ತು ಆಯ್ತು. ಹಾರ್ವರ್ಡ್‌ನ ತತ್ವಶಾಸ್ತ್ರಜ್ಞ ಮೈಕೆಲ್ ಸ್ಯಾಂಡೆಲ್ 2012ರಲ್ಲಿ ಬರೆದ 'ವಾಟ್ ಮನಿ ಕಾಂಟ್ ಬೈ' ಪುಸ್ತಕದ ಮೊದಲ ಅಧ್ಯಾಯವೇ ಸಾಲು ಹಾರಿ ಮುಂದೆ ಹೋಗೋದರ ಬಗ್ಗೆ.

ಹಾಗಾದ್ರೆ ಇದು ಪಾಪಾನಾ? ಅವಸರ ಬೇಡ ಪ್ರಿಯರೇ. ಎಲ್ಲದಕ್ಕೂ ಪಾಪ ಅನ್ನೋ ಮೊಹರು ಒತ್ತಿಬಿಟ್ರೆ ಯೋಚನೆ ಮಾಡೋ ಕೆಲಸ ತಪ್ಪುತ್ತೆ, ಅಷ್ಟೇ. ಮುಂದೆ ಹೋಗೋದ್ರಲ್ಲಿ ಮೂರು ಥರ ಇದೆ.

ಒಂದು, ಕದ್ದು ನುಗ್ಗೋದು. ಕಂಬಿ ಕೆಳಗೆ ತೂರೋದು, "ಅಣ್ಣ, ನಮ್ಮ ಫ್ರೆಂಡ್ ಮುಂದಿದ್ದಾನೆ" ಅಂತ ಸುಳ್ಳು ಹೇಳೋದು. ಇದು ತಪ್ಪು, ಚರ್ಚೆಯೇ ಇಲ್ಲ.

ಎರಡು, ಅಗತ್ಯ ಇದ್ದು ಹೋಗೋದು. ಆಂಬ್ಯುಲೆನ್ಸ್‌ಗೆ ದಾರಿ ಬಿಡ್ತೀವಿ. ಗರ್ಭಿಣಿಗೆ, ಕೋಲು ಹಿಡಿದ ಅಜ್ಜನಿಗೆ, ಗಾಲಿಕುರ್ಚಿಯಲ್ಲಿರೋರಿಗೆ ಜಾಗ ಬಿಡ್ತೀವಿ. ಇದರಿಂದ ಸಾಲು ಕೆಡಲ್ಲ. ಬಲಹೀನರಿಗೆ ತಾನಾಗೇ ಪಕ್ಕಕ್ಕೆ ಸರಿಯೋ ಸಾಲೇ ಒಳ್ಳೇ ಸಾಲು. ಆದ್ರೆ ಇದನ್ನೂ ದುಡ್ಡು ಕೊಂಡುಕೊಳ್ಳಬಹುದು. ಬೇಗ ಒಳಗೆ ಹೋಗೋಕೆ ಶ್ರೀಮಂತ ಕುಟುಂಬಗಳು ಅಂಗವೈಕಲ್ಯ ಇರೋರನ್ನ ಬಾಡಿಗೆಗೆ ಕರ್ಕೊಂಡು ಬರ್ತಿದ್ದಾರೆ ಅಂತ 2013ರಲ್ಲಿ ಅಮೆರಿಕದಲ್ಲಿ ಸುದ್ದಿಯಾಯ್ತು. ಅದೇ ವರ್ಷ ಡಿಸ್ನಿ ಆ ಸೌಲಭ್ಯದ ನಿಯಮಗಳನ್ನ ಬದಲಿಸ್ತು.

ಮೂರು, ನಿಯಮದ ಪ್ರಕಾರ ದುಡ್ಡು ಕೊಟ್ಟು ಹೋಗೋದು. ಪಾಸ್ ಈ ಗುಂಪಿಗೆ ಸೇರುತ್ತೆ. ಅದು ಲಂಚ ಅಲ್ಲ. ಬೆಲೆ ಎಲ್ಲರ ಕಣ್ಣಿಗೆ ಕಾಣೋ ಹಾಗೆ ಹಾಕಿದ್ದಾರೆ. ರೈಲಿನ ತತ್ಕಾಲ್ ಟಿಕೆಟ್‌ಗೂ ಜಾಸ್ತಿ ಕೊಡ್ತೀವಿ. ಥೀಮ್ ಪಾರ್ಕ್ ಅನ್ನ, ಔಷಧಿ, ನ್ಯಾಯ ಮಾರೋ ಜಾಗ ಅಲ್ಲ, ಸಂತೋಷ ಮಾರೋ ಜಾಗ. ಚಿಕ್ಕ ಮಗು ಇದೆ, ಬಿಸಿಲು ತಡೆಯಲ್ಲ. ಊರಿಂದ ಅಪ್ಪ ಅಮ್ಮನ್ನ ಕರ್ಕೊಂಡು ಬಂದಿದ್ದೀರಿ, ಅವರ ಮಂಡಿ ನೋವು. ವರ್ಷಕ್ಕೊಂದೇ ರಜೆ. ಕೈಯಲ್ಲಿ ದುಡ್ಡಿದೆ, ಸಾಲ ಮಾಡ್ತಿಲ್ಲ. ತಗೊಳ್ಳಿ, ಹೋಗಿ ಬನ್ನಿ. ದೇವರಿಗೆ ಸ್ತೋತ್ರ ಹೇಳಿ ಖುಷಿಯಾಗಿ ಬನ್ನಿ. ಅದಕ್ಕೆ ನಾನು ಅಡ್ಡಿ ಹೇಳಲ್ಲ.

ಆದ್ರೆ ಮೂರನೇದು ಕೇಳಿ. ಇವತ್ತು ನಾನು ಹೇಳಬೇಕಾಗಿದ್ದೇ ಇದು. ನೀವು ಒಬ್ಬರೇ ಹೋಗೋದು ಬೇರೆ, ಸಭೆಯಾಗಿ ಹೋಗೋದು ಬೇರೆ.

ಕೊರಿಂಥದ ಸಭೆಯನ್ನ ಜ್ಞಾಪಕ ಮಾಡ್ಕೊಳ್ಳಿ. ಅವರು ಕರ್ತನ ಭೋಜನಕ್ಕೆ ಸೇರ್ತಿದ್ರು. ಇದ್ದವರು ತಂದದ್ದನ್ನ ಮೊದಲೇ ತಿಂದು ಕುಡಿದು ಮುಗಿಸಿಬಿಡ್ತಿದ್ರು, ಇಲ್ಲದವರು ಹಸಿದೇ ಕೂರ್ತಿದ್ರು. ಹಾಗೆ ಹಸಿದವರಲ್ಲಿ ದುಡಿದು ತಡವಾಗಿ ಬರೋ ಕೂಲಿಯವರು, ದಾಸರು ಇದ್ದಿರಬೇಕು ಅಂತ ಅನೇಕ ವ್ಯಾಖ್ಯಾನಕಾರರು ಹೇಳ್ತಾರೆ. ಪೌಲನು ಅವರಿಗೆ ಬರೆದಾಗ ಊಟ ಮಾಡೋದು ತಪ್ಪು ಅನ್ನಲಿಲ್ಲ. ಹಸಿವಾದ್ರೆ ನಿಮ್ಮ ನಿಮ್ಮ ಮನೇಲಿ ತಿನ್ನಿ ಅಂದ. ಆದ್ರೆ ಒಟ್ಟಿಗೆ ಸೇರಿದಾಗ ಒಬ್ಬರಿಗೊಬ್ಬರು ಕಾಯಿರಿ ಅಂತ ಹೇಳಿದ. ಅವನ ದೂರು ತಿನ್ನೋದರ ಬಗ್ಗೆ ಅಲ್ಲ, ಮುಂಚೆ ತಿನ್ನೋದರ ಬಗ್ಗೆ. ಇಲ್ಲದವರನ್ನ ನಾಚಿಕೆಪಡಿಸೋದರ ಬಗ್ಗೆ.

ಈಗ ನಮ್ಮ ಔಟಿಂಗ್‌ಗೆ ಬನ್ನಿ. ಇಪ್ಪತ್ತು ಜನ ಒಂದೇ ಬಸ್ಸಲ್ಲಿ ಹಾಡ್ತಾ ಹೋಗ್ತೀವಿ. ಗೇಟಿಂದ ಒಳಗೆ ಹೋದ ಮೇಲೆ ಎಂಟು ಜನ ಒಂದು ದಾರಿ, ಹನ್ನೆರಡು ಜನ ಇನ್ನೊಂದು ದಾರಿ. ಎಂಟು ಜನ ರೈಡ್ ಮುಗಿಸಿ ಇನ್ನೊಂದಕ್ಕೆ ಹೋದ್ರು, ಫೋಟೋ ಗ್ರೂಪಿಗೆ ಬಂತು. ಹನ್ನೆರಡು ಜನ ಇನ್ನೂ ಮೊದಲ ಸಾಲಲ್ಲೇ ನಿಂತು ಆ ಫೋಟೋ ನೋಡ್ತಿದ್ದಾರೆ. ಸಾಯಂಕಾಲ ಬಸ್ಸಲ್ಲಿ ಕೂತಾಗ ಒಂದು ಯೂತ್ ಗ್ರೂಪ್ ವಾಪಸ್ ಬರ್ತಿಲ್ಲ, ಎರಡು ಬರ್ತಿವೆ.

ಆ ತಂಗಿಯನ್ನ ಕೇಳಿದ್ರೆ ಏನು ಹೇಳ್ತಾಳೆ ಗೊತ್ತಾ? "ನನಗೆ ಪರವಾಗಿಲ್ಲ, ನೀವು ಹೋಗಿ ಬನ್ನಿ." ಈ ಮಾತನ್ನ ಸರಿಯಾಗಿ ಕೇಳಿಸ್ಕೊಳ್ಳಿ. ನಮ್ಮ ಮಧ್ಯೆ ಬಡತನ ಯಾವತ್ತೂ "ನನ್ನ ಹತ್ರ ದುಡ್ಡಿಲ್ಲ" ಅಂತ ಮಾತಾಡಲ್ಲ. "ನನಗೆ ಹೈಟ್ ಅಂದ್ರೆ ಭಯ", "ನನಗೆ ಹಸಿವಿಲ್ಲ", "ಆ ದಿನ ಮನೇಲಿ ಕೆಲಸ ಇದೆ" ಅಂತ ಮಾತಾಡುತ್ತೆ. ಇನ್ನು ಕೆಲವರು ನಾಚಿಕೆಗೆ ಕ್ರೆಡಿಟ್ ಕಾರ್ಡ್ ಉಜ್ಜಿ ಪಾಸ್ ತಗೊಂಡು, ಆಮೇಲೆ ಮೂರು ತಿಂಗಳು ಕಂತು ಕಟ್ತಾರೆ. ಎಂಟು ಜನ ಯಾರಿಗೂ ಕೆಟ್ಟದ್ದು ಬಯಸಲಿಲ್ಲ, ನಿಜ. ಕೊರಿಂಥದಲ್ಲಿ ಮೊದಲು ತಿಂದವರೂ ಯಾರ ತಟ್ಟೆಯನ್ನೂ ಕಿತ್ಕೊಂಡಿರಲಿಲ್ಲ.

ಇದು ಬರೀ ಯೌವನಸ್ಥರಿಗೆ ಹೇಳೋ ಮಾತಲ್ಲ. ದೊಡ್ಡ ಕನ್ವೆನ್ಷನ್‌ಗಳಲ್ಲಿ ಮುಂದಿನ ಸೋಫಾ ಯಾರಿಗೆ, ಹಿಂದಿನ ಪ್ಲಾಸ್ಟಿಕ್ ಕುರ್ಚಿ ಯಾರಿಗೆ ಅಂತ ನಮಗೆಲ್ಲ ಗೊತ್ತು. ಮನೆಯಲ್ಲಿ ನಾವು ನಡ್ಕೊಳ್ಳೋದನ್ನೇ ಮಕ್ಕಳು ಹೊರಗೆ ಮಾಡ್ತಾರೆ.

ಹಾಗಾದ್ರೆ ಏನು ಮಾಡೋಣ? ಒಟ್ಟಿಗೆ ಹೋಗೋ ದಿನ ಎಲ್ಲರಿಗೂ ಪಾಸ್, ಇಲ್ಲಾಂದ್ರೆ ಯಾರಿಗೂ ಬೇಡ. ಎಲ್ಲರಿಗೂ ತಗೊಳ್ಳೋಕೆ ಆಗುತ್ತೆ ಅಂದ್ರೆ, ಇರೋರು ಸದ್ದಿಲ್ಲದೆ ಹೆಚ್ಚು ಹಾಕಿ, ಯಾರು ಎಷ್ಟು ಹಾಕಿದ್ರು ಅಂತ ಪಟ್ಟಿ ಗ್ರೂಪಿಗೆ ಬರೋದು ಬೇಡ. ಆಗಲ್ಲ ಅಂದ್ರೆ ರಜೆ ದಿನ ಬಿಟ್ಟು ವಾರದ ಮಧ್ಯೆ ಹೋಗೋಣ. ಗೇಟ್ ತೆಗೆಯೋ ಹೊತ್ತಿಗೆ ಅಲ್ಲಿರೋಣ, ಹೆಚ್ಚು ಜನ ಮುಗಿಬೀಳೋ ರೈಡ್‌ಗಳನ್ನ ಮೊದಲು ಮುಗಿಸೋಣ. ಪಾಸ್‌ನ ಅರ್ಧ ಕೆಲಸ ಅಲ್ಲೇ ಆಗುತ್ತೆ, ಒಂದು ರೂಪಾಯಿ ಖರ್ಚಿಲ್ಲದೆ. "ಯಾರಿಗೆ ಪಾಸ್ ಬೇಕು, ಕೈ ಎತ್ತಿ" ಅಂತ ಮಾತ್ರ ಕೇಳಬೇಡಿ. ಎತ್ತದ ಕೈಗಳನ್ನ ಎಲ್ಲರೂ ನೋಡ್ತಾರೆ.

ಸಾಲು ಪವಿತ್ರವಾದದ್ದು ಅಂತ ನಾನು ಹೇಳ್ತಿಲ್ಲ. ಬಿಸಿಲಲ್ಲಿ ನಿಂತ್ರೆ ಕಾಲು ನೋಯುತ್ತೆ, ಬಾಯಿ ಒಣಗುತ್ತೆ, ಮಕ್ಕಳು ಅಳ್ತಾರೆ. ಆದ್ರೆ ಮುಕ್ಕಾಲು ಗಂಟೆ ಪಕ್ಕದಲ್ಲೇ ನಿಂತಾಗ, ಎರಡು ವರ್ಷದಿಂದ ಬರೀ "ಪ್ರೈಸ್ ದ ಲಾರ್ಡ್" ಹೇಳಿ ಹೋಗ್ತಿದ್ದವರ ಅಪ್ಪನಿಗೆ ಆಪರೇಷನ್ ಆಗಿದ್ದು ಗೊತ್ತಾಗಬಹುದು. ಆ ಮಾತು ಮೂರು ನಿಮಿಷದ ರೈಡಲ್ಲಿ ಬರಲ್ಲ, ಸಾಲಲ್ಲಿ ಬರುತ್ತೆ.

ಬೇತ್ಸಥಾ ಕೊಳದ ಹತ್ರ ಒಬ್ಬ ಮನುಷ್ಯ ಇದ್ದ. 38 ವರ್ಷದ ಕಾಯಿಲೆ. ನೀರು ಕಲಕಿದಾಗ ಅವನು ಇಳಿಯೋ ಅಷ್ಟರಲ್ಲಿ ಇನ್ನೊಬ್ಬರು ಇಳಿದುಬಿಡ್ತಿದ್ರು. ಅವನನ್ನ ಕೊಳಕ್ಕೆ ಇಳಿಸೋರು ಯಾರೂ ಇರಲಿಲ್ಲ. ಕರ್ತನು ಅವತ್ತು ಹೋಗಿ ನಿಂತದ್ದು ಮೊದಲು ಇಳಿದವನ ಹತ್ರ ಅಲ್ಲ, ಇವನ ಹತ್ರ. ಸಾಲಲ್ಲಿ ಹಿಂದೆ ಉಳಿದವರ ಪಕ್ಕ ನಿಲ್ಲೋಕೆ ನಿಮಗೆ ಮನಸ್ಸಿದ್ರೆ, ಅಲ್ಲಿ ನೀವು ಒಬ್ಬರೇ ನಿಂತಿರಲ್ಲ. ಆಮೆನ್?

ಪ್ರಾರ್ಥನೆ ಮಾಡೋಣ. ಕರ್ತನೇ, ನೀನು ಕೊಟ್ಟ ದುಡ್ಡಿಗೂ ಸಮಯಕ್ಕೂ ಸ್ತೋತ್ರ. ಖರ್ಚು ಮಾಡುವಾಗ ಪಕ್ಕದವರನ್ನ ನೋಡೋ ಕಣ್ಣು ಕೊಡು. "ಪರವಾಗಿಲ್ಲ" ಅನ್ನೋ ಮಾತಿನ ಹಿಂದೆ ಇರೋದನ್ನ ಕೇಳೋ ಕಿವಿ ಕೊಡು. ಒಟ್ಟಿಗೆ ಹೊರಟವರು ಒಟ್ಟಿಗೇ ವಾಪಸ್ ಬರೋ ಹಾಗೆ ನಮ್ಮನ್ನ ನಡೆಸು. ಯೇಸುವಿನ ನಾಮದಲ್ಲಿ ಬೇಡ್ತೀವಿ ತಂದೆಯೇ, ಆಮೆನ್.