ಸುಣ್ಣದ ಕಲ್ಲು ಕಲಿಸುವ ಪಾಠ

ಓದತಕ್ಕ ಭಾಗಗಳು: ಧರ್ಮೋಪದೇಶಕಾಂಡ ೨೭ನೆಯ ಅಧ್ಯಾಯದ ಮೊದಲನೆಯ ಭಾಗ; ಯೆಹೆಜ್ಕೇಲ ೧೩ನೆಯ ಅಧ್ಯಾಯ.



ಇಸ್ರಾಯೇಲ್ಯರು ಯೊರ್ದನ್ ಹೊಳೆಯನ್ನು ದಾಟಿದ ಮೇಲೆ ಮಾಡತಕ್ಕ ಒಂದು ಕೆಲಸವನ್ನು ಮೋಶೆಯು ಅವರಿಗೆ ಮುಂಚಿತವಾಗಿಯೇ ನೇಮಿಸಿದ್ದನು. ದೊಡ್ಡ ಕಲ್ಲುಗಳನ್ನು ನಿಲ್ಲಿಸಬೇಕು, ಅವುಗಳಿಗೆ ಸುಣ್ಣವನ್ನು ಬಳಿಯಬೇಕು, ಆ ಸುಣ್ಣದ ಮೇಲೆ ಧರ್ಮಶಾಸ್ತ್ರದ ಮಾತುಗಳನ್ನು ಎಲ್ಲರೂ ಓದುವಂತೆ ಬರೆಯಬೇಕು ಎಂಬದೇ ಆ ಕೆಲಸ. ಬಹು ಕಾಲದ ಮೇಲೆ ಪ್ರವಾದಿಯಾದ ಯೆಹೆಜ್ಕೇಲನು ಸುಣ್ಣವನ್ನು ಕುರಿತು ಬೇರೊಂದು ಸಂಗತಿಯನ್ನು ಹೇಳುತ್ತಾನೆ. ಜನರು ಗಟ್ಟಿಯಿಲ್ಲದ ಗೋಡೆಯನ್ನು ಕಟ್ಟುತ್ತಾರೆ, ಸುಳ್ಳು ಪ್ರವಾದಿಗಳು ಅದಕ್ಕೆ ಸುಣ್ಣ ಬಳಿದು ಚಂದಗಾಣಿಸುತ್ತಾರೆ. ಆದರೆ ಮಳೆ ಸುರಿದು ಬಿರುಗಾಳಿ ಬೀಸಿದಾಗ ಗೋಡೆಯೂ ಇಲ್ಲ, ಬಳಿದವರೂ ಇಲ್ಲ. ಒಂದು ಕಡೆ ದೇವರ ಮಾತನ್ನು ಹೊರುವ ಸುಣ್ಣ. ಇನ್ನೊಂದು ಕಡೆ ಸುಳ್ಳನ್ನು ಮುಚ್ಚುವ ಸುಣ್ಣ. ಇವೆರಡಕ್ಕೂ ಇರುವ ಭೇದವೇನು? ಇದನ್ನು ತಿಳಿಯಬೇಕಾದರೆ, ಸುಣ್ಣವು ಹ್ಯಾಗೆ ಹುಟ್ಟಿ ಹ್ಯಾಗೆ ಗಟ್ಟಿಯಾಗುತ್ತದೆ ಎಂಬದನ್ನು ನಾವು ಮೊದಲು ವಿಚಾರಿಸಬೇಕು.

ಎಲ್ಲಾ ಕಲ್ಲುಗಳು ಸುಣ್ಣವಾಗುವದಿಲ್ಲ. ಕೆಂಗೇರಿಯಿಂದ ಬೆಂಗಳೂರಿನ ವರೆಗೂ ನಮ್ಮ ಕಾಲಿನ ಕೆಳಗಿರುವದು ಬಹು ಪುರಾತನವಾದ ಗಡಸು ಬಂಡೆ; ಅದರ ವಯಸ್ಸು ಸುಮಾರು ೩೦೦ ಕೋಟಿ ವರುಷಗಳೆಂದು ಭೂಶಾಸ್ತ್ರಜ್ಞರು ಹೇಳುತ್ತಾರೆ. ಅದೇ ಬಂಡೆಯು ಲಾಲ್‌ಬಾಗಿನ ಗುಡ್ಡದಲ್ಲಿ ಎಲ್ಲರ ಕಣ್ಣಿಗೂ ಕಾಣುತ್ತದೆ. ಈ ಸೀಮೆಯ ಕಲ್ಲುಕುಟಿಗರು ಆ ಬಂಡೆಯ ಮೇಲೆ ಕಟ್ಟಿಗೆಯ ಬೆಂಕಿಯನ್ನು ಹಾಕಿ, ಅದನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತಾ ಅಗಲವಾದ ಚಪ್ಪಡಿಗಳನ್ನು ಎಬ್ಬಿಸುತ್ತಿದ್ದರು. ಬೆಂಕಿಯಿಂದ ಬಂಡೆಯು ಸೀಳಿತು. ಆದರೆ ಸೀಳಿದ ಮೇಲೆಯೂ ಬಂಡೆಯೇ ಆಗಿತ್ತು. ಸುಣ್ಣದ ಕಲ್ಲಾದರೋ ಬೇರೆ ಜಾತಿಯದು. ಅದು ಕಲಬುರಗಿ ಜಿಲ್ಲೆಯ ಶಹಾಬಾದ್, ವಾಡಿ, ಸೇಡಂ ಕಡೆಗಳಲ್ಲಿಯೂ ಬಾಗಲಕೋಟೆ ಜಿಲ್ಲೆಯ ಲೋಕಾಪುರದ ಸುತ್ತಲೂ ಪದರ ಪದರವಾಗಿ ಹರಡಿಕೊಂಡಿದೆ. ಬಯಲುಸೀಮೆಯ ಹೊಲಗಳಲ್ಲಿ ಉಳುವಾಗ ಸಿಕ್ಕುವ ಬಿಳಿಯ ಸುಣ್ಣದ ಹರಳುಗಳೂ ಅದೇ ಪದಾರ್ಥವೇ. ಕರಾವಳಿಯವರಿಗೆ ಕಡಲಿನ ಮತ್ತು ಅಳಿವೆಗಳ ಚಿಪ್ಪುಗಳೇ ಸುಣ್ಣದ ಕಲ್ಲು. ಬೆಂಗಳೂರಿನ ಅಡಿಗೆಮನೆಗಳಲ್ಲಿ ಹಾಸುವ ಕರಿಯ ಕಡಪ ಕಲ್ಲೂ ಸುಣ್ಣದ ಕಲ್ಲಿನ ಬಳಗದ್ದೇ. ಅದಕ್ಕಾಗಿಯೇ ಅದರ ಮೇಲೆ ನಿಂಬೆಯ ಹುಳಿ ಬಿದ್ದು ನಿಂತರೆ ಹೊಳಪು ಹೋಗಿ ಮಂಕಾದ ಕಲೆಯು ಉಳಿಯುತ್ತದೆ. ಹೊರಗೆ ಕಪ್ಪಾಗಿರಲಿ ಬಿಳುಪಾಗಿರಲಿ, ಒಳಗಿರುವದೇ ಮುಖ್ಯ.

ಈ ಕಲ್ಲು ಮೂರು ಕೈಗಳಿಂದ ಹಾದುಹೋಗುತ್ತದೆ: ಬೆಂಕಿ, ನೀರು, ಗಾಳಿ. ಒಂದೊಂದರ ಕೆಲಸವನ್ನು ನೋಡೋಣ.

ಮೊದಲನೆಯದು, ಬೆಂಕಿಯ ಕೆಲಸ. ಸುಣ್ಣದ ಗೂಡಿನಲ್ಲಿ ಕಲ್ಲನ್ನೂ ಸೌದೆ ಇದ್ದಲುಗಳನ್ನೂ ಪದರವಾಗಿ ತುಂಬಿ ಬೆಂಕಿ ಕೊಡುತ್ತಾರೆ. ಕಾವು ಸುಮಾರು ೯೦೦ ಡಿಗ್ರಿಗೆ ಏರಿದಾಗ ಕಲ್ಲಿನ ಮೈಯಲ್ಲಿ ಸೆರೆಯಾಗಿದ್ದ ಒಂದು ವಾಯುವು ಬಿಡುಗಡೆಯಾಗಿ ಹೊರಟುಹೋಗುತ್ತದೆ. ಹಿಂದಿನವರು ಇದನ್ನು ಅಂಗಾರಾಮ್ಲವಾಯು ಎಂದರು. ಇಂದಿನ ಶಾಲೆಯ ಮಕ್ಕಳು ಇಂಗಾಲದ ಡೈಆಕ್ಸೈಡ್ ಎನ್ನುತ್ತಾರೆ. ಕಲ್ಲು ಶುದ್ಧವಾಗಿದ್ದರೆ ೧೦೦ ಪಾಲು ತೂಕದಲ್ಲಿ ೪೪ ಪಾಲು ಹೀಗೆ ಹೋಗಿ, ೫೬ ಪಾಲು ಮಾತ್ರ ಸುಟ್ಟ ಸುಣ್ಣವಾಗಿ ಉಳಿಯುತ್ತದೆ. ಆಶ್ಚರ್ಯವೇನಂದರೆ, ಗೂಡಿನಿಂದ ತೆಗೆದ ಕಲ್ಲು ನೋಟಕ್ಕೆ ಹೆಚ್ಚು ಕಡಿಮೆ ಮೊದಲಿನ ಆಕಾರದಲ್ಲಿಯೇ ಇರುತ್ತದೆ. ಆದರೆ ಕೈಯಲ್ಲಿ ಎತ್ತಿದವನಿಗೆ ಅದು ಹಗುರವಾಗಿದೆಯೆಂದು ತಿಳಿಯುತ್ತದೆ.

ಪೂರ್ವದ ಪಂಡಿತರಲ್ಲಿ ಅನೇಕರು, ಬೆಂಕಿಯಿಂದ ಏನೋ ಒಂದು ಉರಿಯುವ ಅಂಶವು ಕಲ್ಲಿನೊಳಗೆ ಸೇರಿಕೊಳ್ಳುವದರಿಂದಲೇ ಸುಣ್ಣಕ್ಕೆ ಸುಡುವ ಗುಣವು ಬರುತ್ತದೆಂದು ನೆನಸಿದ್ದರು. ಸ್ಕಾಟ್ಲೆಂಡಿನ ವೈದ್ಯಪಂಡಿತನಾದ ಜೋಸೆಫ್ ಬ್ಲ್ಯಾಕ್ ಎಂಬವನು ತಕ್ಕಡಿಯನ್ನು ಹಿಡಿದು ಶೋಧಿಸಿ, ಅದು ಹಾಗಲ್ಲವೆಂದು ೧೭೫೬ರಲ್ಲಿ ಪ್ರಕಟಿಸಿದನು. ಕಲ್ಲಿಗೆ ಏನೂ ಸೇರಲಿಲ್ಲ. ಕಲ್ಲಿನಿಂದ ಒಂದು ಹೊರಟುಹೋಯಿತು. ಪ್ರಿಯರೇ, ನಮ್ಮ ವಿಷಯದಲ್ಲಿಯೂ ಇದೇ ತಪ್ಪು ಎಣಿಕೆಯು ಉಂಟು. ಕಷ್ಟವು ಬಂದಾಗ ಅದು ನಮಗೆ ಏನನ್ನೋ ಕೂಡಿಸುತ್ತದೆ, ನಾವು ಇತರರಿಗಿಂತ ಪರಿಶುದ್ಧರಾಗುತ್ತೇವೆ ಎಂದು ಹೆಚ್ಚಳಪಡುತ್ತೇವೆ. ಆದರೆ ಬೆಂಕಿಯ ಕೆಲಸವು ಕೂಡಿಸುವದಲ್ಲ, ಬಿಡಿಸುವದು. ಬಹು ಕಾಲದಿಂದ ನಮ್ಮೊಳಗೆ ಕಟ್ಟಿಕೊಂಡಿದ್ದ ಹಟ, ಹಳೆಯ ಹಗೆ, ಕುಲದ ಹೆಮ್ಮೆ, ಇವು ಹೊರಟುಹೋಗದಿದ್ದರೆ ನಾವು ಬೆಂಕಿಯನ್ನು ಹಾದರೂ ಸೀಳಿದ ಬಂಡೆಗಳೇ ಹೊರತು ಸುಣ್ಣವಲ್ಲ.

ಇನ್ನೂ ಒಂದು ಮಾತು ಉಂಟು. ಬೆಂಕಿಯು ಸಾಲದೆ ಹೋದರೆ ಕಲ್ಲಿನ ಹೊರಗಿನ ಭಾಗ ಮಾತ್ರ ಬೆಂದು ನಡುವೆ ಹಸಿ ಕಲ್ಲು ಉಳಿಯುತ್ತದೆ. ಬೆಂಕಿಯು ಮಿತಿಮೀರಿದರೆ ಸುಣ್ಣವು ಬಿಗಿದುಕೊಂಡು ಸತ್ತಂತಾಗಿ, ನೀರು ಹೊಯ್ದರೂ ಬೇಗನೆ ಅರಳುವದಿಲ್ಲ. ಗೋಡೆಯನ್ನು ಸೇರಿದ ಮೇಲೆ ತಡವಾಗಿ ಅರಳಿ, ಬಳಿದ ಗಾರೆಯನ್ನು ಗುಳ್ಳೆಗುಳ್ಳೆಯಾಗಿ ಎಬ್ಬಿಸಿ ಕೆಡಿಸುತ್ತದೆ. ಆದಕಾರಣ ಗೂಡಿನವನು ಬೆಂಕಿಯನ್ನು ಅಳತೆಯಿಂದ ಕೊಡುತ್ತಾನೆ. ತಾಯಿತಂದೆಗಳೂ ಉಪದೇಶಿಗಳೂ ಸಭೆಯ ಹಿರಿಯರೂ ಇದನ್ನು ಮರೆಯಬಾರದು. ಶಿಕ್ಷೆಯೇ ಇಲ್ಲದ ಮನೆಯಲ್ಲಿ ಹಸಿ ಕಲ್ಲು. ಕರುಣೆಯಿಲ್ಲದ ಶಿಕ್ಷೆಯಲ್ಲಿ ಸತ್ತ ಸುಣ್ಣ.

ಎರಡನೆಯದು, ನೀರಿನ ಕೆಲಸ. ಸುಟ್ಟ ಸುಣ್ಣಕ್ಕೆ ನೀರು ಹೊಯ್ದಾಗ ಅದು ಬುಸುಗುಟ್ಟಿ, ಬಿರಿದು, ಹಬೆಯೆದ್ದು, ತಾನಾಗಿಯೇ ಪುಡಿಯಾಗಿ ಉಬ್ಬುತ್ತದೆ. ಕೆಳಗೆ ಉರಿಯಿಲ್ಲದಿದ್ದರೂ ನೀರು ಕುದಿಯುತ್ತದೆ. ೫೬ ಪಾಲು ಸುಣ್ಣವು ೧೮ ಪಾಲು ನೀರನ್ನು ತನ್ನೊಳಗೆ ಸೇರಿಸಿಕೊಂಡು ೭೪ ಪಾಲಾಗುತ್ತದೆ. ಇದಕ್ಕೆ ನಮ್ಮ ಜನರು ಇಟ್ಟ ಮಾತು ಎಷ್ಟು ಸೊಗಸಾದದ್ದು! ಸುಣ್ಣವು ಒಡೆಯಿತೆನ್ನುವದಿಲ್ಲ, ಕರಗಿತೆನ್ನುವದಿಲ್ಲ, ಅರಳಿತು ಎನ್ನುತ್ತಾರೆ. ಮೊಗ್ಗಿಗೆ ಸಲ್ಲುವ ಮಾತನ್ನು ಕಲ್ಲಿಗೆ ಕೊಟ್ಟಿದ್ದಾರೆ. ನೀರು ಒಳಗೆ ಬೆಂದದ್ದನ್ನೂ ಬೇಯದ್ದನ್ನೂ ಬೇರೆಮಾಡುತ್ತದೆ. ಬೆಂದದ್ದು ಅರಳುತ್ತದೆ, ಬೇಯದ ತಿರುಳು ಗಟ್ಟಿಯಾಗಿ ತಳದಲ್ಲಿ ಉಳಿಯುತ್ತದೆ. ಸ್ನಾನದ ನೀರನ್ನು ಹೊಂದಿದ ನಾವೆಲ್ಲರೂ ನಮ್ಮನ್ನು ಪರೀಕ್ಷಿಸಿಕೊಳ್ಳೋಣ: ಅರಳಿದೆವೋ, ತಳದಲ್ಲಿ ಉಳಿದೆವೋ?

ಆದರೆ ಅರಳಿದ ಸುಣ್ಣಕ್ಕೂ ಸುಡುವ ಗುಣವುಂಟೆಂಬದನ್ನು ಮರೆಯದಿರಿ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಎಂಬ ಗಾದೆಯನ್ನು ಬಲ್ಲದವರಾರು? ಇದು ಬರೀ ಗಾದೆಯಲ್ಲ. ಎಲೆ ಅಡಿಕೆಗೆ ಹಚ್ಚುವ ಸುಣ್ಣವು ಈಗ ಚಿಕ್ಕ ಪೊಟ್ಟಣಗಳಲ್ಲಿಯೂ ಕೊಳವೆಗಳಲ್ಲಿಯೂ ಮಾರಲ್ಪಡುತ್ತದೆ. ಮಕ್ಕಳು ಅದನ್ನು ಹಿಸುಕಿ ಆಡುವಾಗ ಸಿಡಿದು ಕಣ್ಣಿಗೆ ಬಿದ್ದು, ದೃಷ್ಟಿಯನ್ನೇ ಕಳಕೊಂಡ ಮಕ್ಕಳು ನಮ್ಮ ದೇಶದಲ್ಲಿದ್ದಾರೆ. ಸುಣ್ಣವು ಕಣ್ಣಿನೊಳಗೆ ಆಳವಾಗಿ ಇಳಿಯುತ್ತದೆ. ಹಾಗೆ ಬಿದ್ದರೆ ಎಣ್ಣೆ, ಹಾಲು, ಸೊಪ್ಪಿನ ರಸ ಯಾವದನ್ನೂ ಹಾಕಬೇಡಿರಿ. ರೆಪ್ಪೆಯನ್ನು ತೆರೆದು ಹಿಡಿದು, ಶುದ್ಧವಾದ ನೀರನ್ನು ಅರ್ಧ ಗಂಟೆಯಾದರೂ ಬಿಡದೆ ಹೊಯ್ಯಿರಿ. ಆ ಮೇಲೆ ತಡಮಾಡದೆ ಆಸ್ಪತ್ರೆಗೆ ಕರಕೊಂಡು ಹೋಗಿರಿ. ಬೆಂಗಳೂರಿನ ಸುತ್ತಿನವರಿಗೆ ಮಿಂಟೋ ಕಣ್ಣಾಸ್ಪತ್ರೆಯುಂಟು. ಹಬ್ಬಕ್ಕೆ ಮುಂಚೆ ದೇವಾಲಯಕ್ಕೆ ಸುಣ್ಣ ಹೊಡೆಯಲು ಕೂಲಿಯವನನ್ನು ಕರೆಯುವ ಸಭೆಯು ಅವನ ಕೈಗೆ ಚೀಲವನ್ನೂ ಕಣ್ಣಿಗೆ ಕನ್ನಡಕವನ್ನೂ ಕೊಡಲಿ, ಸಾಯಂಕಾಲವೇ ಅವನ ಕೂಲಿಯನ್ನು ಸಲ್ಲಿಸಲಿ. ಅವನ ಕೈ ಬೆಂದು ನಮ್ಮ ಗೋಡೆ ಬೆಳ್ಳಗಾದರೆ, ಆ ಬಿಳುಪನ್ನು ದೇವರು ಮೆಚ್ಚುವನೋ?

ಇದೇ ಗಾದೆಯು ಸಭೆಗೂ ತಟ್ಟುತ್ತದೆ. ಉಳ್ಳವನು ಬಂದರೆ ಮುಂದಿನ ಬೆಂಚು, ಇಲ್ಲದವನು ಬಂದರೆ ಬಾಗಿಲಿನ ಮೂಲೆ. ಒಂದು ಕುಲದಿಂದ ಬಂದವರ ಮದುವೆಗೆ ಊರೆಲ್ಲಾ, ಇನ್ನೊಂದು ಕುಲದಿಂದ ಬಂದವರ ಮಣ್ಣಿಗೆ ನಾಲ್ಕೇ ಮಂದಿ. ಹೀಗೆ ಒಂದು ಕಣ್ಣಿಗೆ ಬೆಣ್ಣೆಯನ್ನೂ ಇನ್ನೊಂದಕ್ಕೆ ಸುಣ್ಣವನ್ನೂ ಹಚ್ಚುವ ಸಭೆಯು ಕರ್ತನ ಮುಂದೆ ಏನು ಉತ್ತರ ಕೊಟ್ಟೀತು?

ಮೂರನೆಯದು, ಗಾಳಿಯ ಕೆಲಸ. ಇದೇ ಎಲ್ಲಕ್ಕಿಂತ ನಿಧಾನವಾದದ್ದು, ಎಲ್ಲಕ್ಕಿಂತ ಆಶ್ಚರ್ಯವಾದದ್ದು. ಅರಳಿದ ಸುಣ್ಣಕ್ಕೆ ಮರಳನ್ನು ಬೆರಸಿ, ಹಿಂದಿನವರು ಎತ್ತುಗಳು ಎಳೆಯುವ ಕಲ್ಲಿನ ಗಾಣದಲ್ಲಿ ಅರೆದು, ಗಾರೆಯನ್ನು ಮಾಡಿ ಕಲ್ಲುಗಳ ನಡುವೆ ಹಾಕುತ್ತಿದ್ದರು. ಆ ಗಾರೆಯು ಮೆಲ್ಲಮೆಲ್ಲನೆ ಗಾಳಿಯಿಂದ ಅಂಗಾರಾಮ್ಲವಾಯುವನ್ನು ತೆಗೆದುಕೊಂಡು, ತಾನು ಕುಡಿದಿದ್ದ ನೀರನ್ನು ಬಿಟ್ಟುಕೊಡುತ್ತದೆ. ೭೪ ಪಾಲು ಅರಳಿದ ಸುಣ್ಣವು ೪೪ ಪಾಲು ವಾಯುವನ್ನು ಪಡೆದು, ೧೮ ಪಾಲು ನೀರನ್ನು ಬಿಟ್ಟು, ತಿರುಗಿ ೧೦೦ ಪಾಲು ಕಲ್ಲಾಗುತ್ತದೆ. ಗೂಡಿನಲ್ಲಿ ಕಳಕೊಂಡದ್ದೆಲ್ಲವೂ ಗೋಡೆಯಲ್ಲಿ ಅದಕ್ಕೆ ದೊರಕುತ್ತದೆ. ಆದರೆ ಮೊದಲು ಅದು ಒಂಟಿಯಾದ ಕಲ್ಲಾಗಿತ್ತು. ಈಗ ಅದು ನೂರು ಕಲ್ಲುಗಳನ್ನು ಹಿಡಿದುಕೊಂಡಿರುವ ಕಲ್ಲು.

ಇದನ್ನು ಶಾಲೆಯ ಮಕ್ಕಳೂ ಮಾಡಿ ನೋಡಬಹುದು. ಉಪಾಧ್ಯಾಯರು ತಿಳಿ ಸುಣ್ಣದ ನೀರನ್ನು ಗಾಜಿನ ಲೋಟದಲ್ಲಿ ಹಾಕಿಕೊಟ್ಟು, ಎದುರಿಗೆ ನಿಂತು, ಒಂದು ಕೊಳವೆಯಿಂದ ಮೆಲ್ಲನೆ ಊದಿಸಲಿ. ನೀರು ಬಾಯಿಗೆ ಬಾರದಂತೆ ಎಚ್ಚರವಿರಲಿ. ನೀರು ಹಾಲಿನಂತೆ ಬೆಳ್ಳಗಾಗುತ್ತದೆ. ನಮ್ಮ ಉಸಿರಿನಲ್ಲಿರುವ ವಾಯುವು ಸುಣ್ಣವನ್ನು ಸೇರಿ ಅತಿ ಸಣ್ಣ ಕಲ್ಲಿನ ಹುಡಿಯಾದದ್ದೇ ಆ ಬಿಳುಪು. ಹಾಗಾದರೆ ದೇವಾಲಯದ ಹಳೆಯ ಸುಣ್ಣದ ಗೋಡೆಗಳು, ಅಲ್ಲಿ ಕೂಡಿ ಹಾಡಿದವರ, ಪ್ರಾರ್ಥಿಸಿದವರ, ಅತ್ತವರ ಉಸಿರಿನಿಂದಲೂ ಸ್ವಲ್ಪ ಸ್ವಲ್ಪವಾಗಿ ಗಟ್ಟಿಯಾಗಿವೆ ಎಂದು ಹೇಳಿದರೆ ಅದು ಅಲಂಕಾರದ ಮಾತಲ್ಲ, ಇದ್ದದ್ದೇ.

ಈ ಕೆಲಸಕ್ಕೆ ತಾಳ್ಮೆ ಬೇಕು. ಗಾರೆಯು ಹೊರಗಿನಿಂದ ಒಳಕ್ಕೆ ಗಟ್ಟಿಯಾಗುತ್ತಾ ಹೋಗುತ್ತದೆ. ದಪ್ಪನಾದ ಗೋಡೆಯ ಒಳಭಾಗಕ್ಕೆ ವರುಷಗಳೇ ಹಿಡಿಯುತ್ತವೆ. ಬಿಸಿಲಿಗೆ ಬೇಗನೆ ಒಣಗಿಸಿದರೆ ಬಿರುಕು ಬಿಡುತ್ತದೆ. ಆದದರಿಂದ ಗಾರೆಯವನು ಅದಕ್ಕೆ ಕೆಲವು ದಿವಸ ನೀರು ಚಿಮುಕಿಸಿ ಹಸಿಯಾಗಿ ಇಡುತ್ತಾನೆ. ಇಂದು ರಾಜಾಜಿನಗರ, ವಿಜಯನಗರ, ಬಸವೇಶ್ವರನಗರಗಳ ಮನೆಗಳು ಸಿಮೆಂಟಿನಿಂದ ಬೇಗಬೇಗನೆ ಏಳುತ್ತವೆ. ಆ ಸಿಮೆಂಟಿಗೂ ಸುಣ್ಣದ ಕಲ್ಲೇ ಮೂಲ. ಅದನ್ನು ಜೇಡಿಯೊಡನೆ ಇನ್ನೂ ಹೆಚ್ಚು ಕಾವಿನಲ್ಲಿ ಸುಡುತ್ತಾರೆ. ಬೇಗನೆ ಕಟ್ಟುವದನ್ನು ನಾವು ದೂಷಿಸುವದಿಲ್ಲ. ಆದರೆ ಮನುಷ್ಯರ ನಡುವಿನ ಗಾರೆಗೆ ಅವಸರವು ಸಲ್ಲದು. ಹತ್ತು ವರುಷದ ಜಗಳವು ಒಂದು ಸಂಜೆಯ ಕೈಕುಲುಕಿನಿಂದ ತೀರುವದಿಲ್ಲ. ದಿನದಿನವೂ ನೀರು ಚಿಮುಕಿಸಬೇಕು: ಒಂದು ಮಾತು, ಒಂದು ಭೇಟಿ, ರೋಗಿಯ ಬಳಿಯಲ್ಲಿ ಒಂದು ರಾತ್ರಿಯ ಕಾವಲು.

ಕೆಂಗೇರಿಯ ಮೇಲಿನ ದಾರಿಯನ್ನೇ ಹಿಡಿದು ಮೈಸೂರಿನ ಕಡೆಗೆ ಹೋದರೆ, ಅತ್ತ ಕನ್ನಂಬಾಡಿಯಲ್ಲಿ ಕಾವೇರಿಗೆ ಕಟ್ಟಿದ ಕೃಷ್ಣರಾಜಸಾಗರದ ಕಟ್ಟೆಯನ್ನು ಕಾಣುವಿರಿ. ೧೯೧೧ರಲ್ಲಿ ಕೆಲಸ ಹಿಡಿದ ಆ ಕಟ್ಟೆಯನ್ನು ಕಟ್ಟಿದ್ದು ಸುರ್ಕಿ ಗಾರೆಯಿಂದ, ಅಂದರೆ ಸುಣ್ಣಕ್ಕೆ ಸುಟ್ಟ ಜೇಡಿಮಣ್ಣಿನ ಪುಡಿಯನ್ನು ಬೆರಸಿದ ಗಾರೆಯಿಂದ. ಬರೀ ಸುಣ್ಣ ಮರಳಿನ ಗಾರೆಯು ನೀರಿನಲ್ಲಿ ಗಟ್ಟಿಯಾಗದು. ಬೆಂದ ಸುಣ್ಣಕ್ಕೆ ಬೆಂದ ಮಣ್ಣು ಕೂಡಿದರೆ ನೀರಿನ ನಡುವೆಯೂ ಬಿಗಿಯುತ್ತದೆ. ಬೇರೆ ಬೇರೆ ಬೆಂಕಿಯನ್ನು ಹಾದುಬಂದ ಎರಡು ಸೇರಿ ಒಂದು ಹೊಳೆಯನ್ನೇ ತಡೆಯುತ್ತವೆ. ವಿಧವೆಯೂ ಸಾಲಗಾರನೂ, ಮಗುವನ್ನು ಕಳಕೊಂಡ ತಾಯಿಯೂ ಕೆಲಸ ಕಳಕೊಂಡ ತಂದೆಯೂ, ಬೇರೆ ಬೇರೆ ಕುಲದಿಂದ ಬಂದವರೂ ಒಂದಾಗಿ ನಿಂತ ಸಭೆಯನ್ನು ಪ್ರವಾಹವು ಕದಲಿಸಲಾರದು.

ಈಗ ಮೊದಲಿನ ಪ್ರಶ್ನೆಗೆ ಬರೋಣ. ಯೆಹೆಜ್ಕೇಲನು ಖಂಡಿಸಿದ ಗೋಡೆಯಲ್ಲಿ ಸುಣ್ಣವು ಹೊರಗೆ ಮಾತ್ರ ಇತ್ತು. ಕಲ್ಲು ಕಲ್ಲಿನ ನಡುವೆ ಹಿಡಿತವಿರಲಿಲ್ಲ. ಸುಣ್ಣ ಬಳಿದ ಸಮಾಧಿಗಳ ವಿಷಯದಲ್ಲಿ ನಮ್ಮ ಕರ್ತನು ಫರಿಸಾಯರಿಗೆ ಹೇಳಿದ್ದೂ ಇದನ್ನೇ. ಸುಣ್ಣವನ್ನು ಬಳಿಯಬಾರದೆಂದಲ್ಲ, ಮೋಶೆಯೂ ಬಳಿಯಲು ಹೇಳಿದನು. ಆದರೆ ಮೋಶೆಯ ಕಲ್ಲುಗಳ ಮೇಲಿನ ಸುಣ್ಣವು ಏನನ್ನೂ ಮುಚ್ಚಲಿಲ್ಲ, ದೇವರ ಮಾತನ್ನು ತೋರಿಸಿತು. ಬರುವ ಹಬ್ಬಕ್ಕೆ ನಿಮ್ಮ ಮನೆಗೂ ದೇವಾಲಯಕ್ಕೂ ಸುಣ್ಣ ಹೊಡೆಯುವ ಮುಂಚೆ, ನೀವು ಮಾತು ಬಿಟ್ಟಿರುವ ಸಹೋದರನ ಬಾಗಿಲಿಗೆ ಹೋಗಿರಿ. ಬಿದ್ದ ಗಾರೆಯನ್ನು ಮೊದಲು ತುಂಬಿರಿ, ಆ ಮೇಲೆ ಬಳಿಯಿರಿ.

ಕಲ್ಲನ್ನು ಸುಣ್ಣವನ್ನಾಗಿಯೂ ಸುಣ್ಣವನ್ನು ಗೋಡೆಯನ್ನಾಗಿಯೂ ಮಾಡುವ ದೇವರು, ನಮ್ಮಲ್ಲಿ ಬಿಟ್ಟುಹೋಗಬೇಕಾದದ್ದನ್ನು ಬಿಡಿಸಿ, ನಮ್ಮನ್ನು ಅರಳಿಸಿ, ಒಬ್ಬರನ್ನೊಬ್ಬರು ಹಿಡಿದುಕೊಂಡು ನಿಲ್ಲುವಂತೆ ಕೃಪೆಮಾಡಲಿ. ಆಮೆನ್.