ಕಾಣದುದನ್ನು ಕಂಡಂತೆ ನುಡಿಯಬಹುದೆ?

ಸತ್ಯಾಣುವ್ರತವನ್ನು ಸ್ವೀಕರಿಸಿದ ಗೃಹಸ್ಥನು ಸುಳ್ಳಾಡಬಾರದೆಂಬುದು ಸರ್ವವಿದಿತವಾದ ಸಂಗತಿ. ಆದರೆ ತಾನು ಕಾಣದ ಘಟನೆಯನ್ನು ಕಂಡವನಂತೆ ಹೇಳಿದರೆ, ಆ ಘಟನೆಯು ನಿಜವೇ ಆಗಿದ್ದರೂ, ವ್ರತಕ್ಕೆ ಕುಂದು ಬಾರದೆ? ಈ ಪ್ರಶ್ನೆಯನ್ನು ವಿಚಾರಿಸುವಲ್ಲಿ ವ್ಯಾಕರಣವು ನಮಗೆ ನೆರವಾಗುತ್ತದೆ.

ಸಂಸ್ಕೃತದಲ್ಲಿ ಭೂತಕಾಲಕ್ಕೆ ಮೂರು ಲಕಾರಗಳುಂಟು. ಲುಙ್ ಸಾಮಾನ್ಯ ಭೂತಕ್ಕೆ. ಲಙ್ ಇಂದಿನದಲ್ಲದ ಭೂತಕ್ಕೆ. ಇಂದಿನದಲ್ಲದೆ, ಹೇಳುವವನಿಗೆ ಪರೋಕ್ಷವೂ ಆದುದಕ್ಕೆ ಲಿಟ್ ಎಂದು ಪಾಣಿನಿಯು ವಿಧಿಸಿದ್ದಾನೆ. ನಿನ್ನೆ ಹೋದವನನ್ನು ಕಂಡವನು 'ಅಗಚ್ಛತ್' ಎನ್ನಬೇಕು. ಕಾಣದವನು 'ಜಗಾಮ' ಎನ್ನಬೇಕು. ದೂರದ ತುರ್ಕಿ ಭಾಷೆಯಲ್ಲಿಯೂ ಇಂತಹ ಭೇದವಿದೆ. 'ಗೆಲ್ದಿ' ಎಂದರೆ ಬಂದುದನ್ನು ಸ್ವತಃ ಬಲ್ಲವನ ಮಾತು. 'ಗೆಲ್ಮಿಶ್' ಎಂದರೆ ಬಂದನೆಂದು ಕೇಳಿದವನ ಅಥವಾ ಊಹಿಸಿದವನ ಮಾತು.

ಕನ್ನಡದಲ್ಲಿ ಈ ಕಾರ್ಯವನ್ನು 'ಅಂತೆ' ಎಂಬ ಪುಟ್ಟ ಶಬ್ದವು ನಿರ್ವಹಿಸುತ್ತದೆ. 'ಮಳೆ ಬಂದಿತು' ಎಂಬುದು ಕಂಡವನ ನುಡಿ. 'ಬಂದಿತಂತೆ' ಎಂಬುದು ಕೇಳಿದವನದು. ಅಂಗಳದ ತೇವವನ್ನು ನೋಡಿ ತರ್ಕಿಸಿದವನು 'ಬಂದಿರಬೇಕು' ಎನ್ನುತ್ತಾನೆ. ಆದರೆ ಕನ್ನಡವು ಇದನ್ನು ಕಡ್ಡಾಯಗೊಳಿಸಿಲ್ಲ. 'ಅಂತೆ'ಯನ್ನು ಬಳಸುವುದೂ ಬಿಡುವುದೂ ಆಡುವವನ ಕೈಯಲ್ಲಿದೆ. ವ್ಯಾಕರಣವು ಕಟ್ಟು ಹಾಕದ ಈ ಎಡೆಯಲ್ಲಿಯೇ ವ್ರತದ ಹೊಣೆಯು ಆರಂಭವಾಗುತ್ತದೆ.

ಪರೋಕ್ಷವೆಂದರೇನು? ಪತಂಜಲಿಯು ಮಹಾಭಾಷ್ಯದಲ್ಲಿ ಹಲವರ ಮತಗಳನ್ನು ಹೇಳುತ್ತಾನೆ: ನೂರು ವರ್ಷಗಳ ಹಿಂದಿನದು, ಸಾವಿರ ವರ್ಷಗಳ ಹಿಂದಿನದು, ಎರಡು ಮೂರು ದಿನಗಳ ಹಿಂದಿನದು, ಮರೆಯಲ್ಲಿ ನಡೆದುದು. ಅಲ್ಲಿಯೇ ವೈಯಾಕರಣನಾದ ಶಾಕಟಾಯನನ ದೃಷ್ಟಾಂತವೂ ಬರುತ್ತದೆ. ಆತನು ರಥಮಾರ್ಗದಲ್ಲಿ ಕುಳಿತಿದ್ದರೂ ಮುಂದೆ ಸಾಗಿದ ಬಂಡಿಗಳ ಸಾಲನ್ನು ಗ್ರಹಿಸಲಿಲ್ಲ. ಕಣ್ಣು ತೆರೆದಿತ್ತು, ಮನಸ್ಸು ಅಲ್ಲಿರಲಿಲ್ಲ. ಎಂದಮೇಲೆ ಎದುರಿಗೆ ನಡೆದುದೆಲ್ಲವೂ ಪ್ರತ್ಯಕ್ಷವಲ್ಲ. ಪ್ರಮಾದವನ್ನೇ ದೋಷದ ಮೂಲವೆಂದು ತಿಳಿದಿರುವ ನಮಗೆ ಇದು ಹೊಸ ಮಾತಲ್ಲ. ತತ್ತ್ವಾರ್ಥಸೂತ್ರವಾದರೋ ಇನ್ನೂ ಮುಂದೆ ಹೋಗಿ, ಇಂದ್ರಿಯ ಮನಸ್ಸುಗಳ ನೆರವಿನಿಂದ ಬರುವ ಮತಿಜ್ಞಾನವನ್ನೂ ಶ್ರುತಜ್ಞಾನದೊಡನೆ ಪರೋಕ್ಷದಲ್ಲಿಯೇ ಎಣಿಸಿದೆ. ಕಂಡೆನೆಂಬ ಹಮ್ಮಿಗೂ ಅಲ್ಲಿ ಮಿತಿಯುಂಟು.

ಹಾಗಾದರೆ 'ಅಂತೆ' ಎಂದು ಸೇರಿಸಿದಾಕ್ಷಣ ನುಡಿಯು ಶುದ್ಧವಾಯಿತೆ? ಇಲ್ಲ. ದಶಲಕ್ಷಣ ಪರ್ವದಲ್ಲಿ ನೀರನ್ನೂ ತ್ಯಜಿಸಿ ಉಪವಾಸ ಹಿಡಿದ ಶ್ರಾವಿಕೆಯೊಬ್ಬಳ ವಿಷಯದಲ್ಲಿ 'ಒಳಗೆ ನೀರು ಕುಡಿದಳಂತೆ' ಎಂದು ಯಾರಾದರೂ ಆಡಿದರೆನ್ನೋಣ. ವ್ಯಾಕರಣದ ಮಟ್ಟಿಗೆ ಆ ವಾಕ್ಯವು ನಿರ್ದುಷ್ಟ. ಕಂಡೆನೆಂದು ಅವರು ಹೇಳಲಿಲ್ಲ. ಆದರೂ ಆಕೆಯ ತಪಸ್ಸಿಗೆ ಕಳಂಕ ತಟ್ಟಿತು; ಮಾರನೆಯ ದಿನ ಮತ್ತೊಬ್ಬರ ಬಾಯಲ್ಲಿ 'ಅಂತೆ' ಉದುರಿ 'ಕುಡಿದಳು' ಎಂಬುದಷ್ಟೇ ಉಳಿಯುತ್ತದೆ. 'ಅಂತೆ'ಯು ಮಾತಿನ ಮೂಲವನ್ನು ತಿಳಿಸೀತೇ ಹೊರತು ಅದನ್ನು ಆಡಲು ಅಪ್ಪಣೆ ಕೊಡಲಾರದು. ಪರರ ಗುಟ್ಟನ್ನು ಹೊರಗೆಡಹುವ ರಹೋಭ್ಯಾಖ್ಯಾನವು, ಹೇಳಿದುದು ನಿಜವಾಗಿದ್ದರೂ, ಸತ್ಯಾಣುವ್ರತದ ಅತಿಚಾರವೇ. ಕೇವಲ ಕೇಳಿದ ಮಾತಿನ ಗತಿಯೇನು?

ಆದುದರಿಂದ ವ್ರತಿಯಾದವನು ನುಡಿಯುವ ಮುನ್ನ ಎರಡು ಪ್ರಶ್ನೆಗಳನ್ನು ತನಗೆ ತಾನೇ ಕೇಳಿಕೊಳ್ಳಬೇಕು. ಇದನ್ನು ನಾನು ಹೇಗೆ ಬಲ್ಲೆ? ಇದನ್ನು ಹೇಳುವುದರಿಂದ ಯಾರಿಗೆ ಹಿತ? ಮೊದಲನೆಯದಕ್ಕೆ ಪ್ರಾಮಾಣಿಕ ಉತ್ತರವು 'ಕೇಳಿ' ಎಂದಾದರೆ 'ಅಂತೆ'ಯನ್ನು ಬಿಡದಿರಲಿ. ಎರಡನೆಯದಕ್ಕೆ ಉತ್ತರವೇ ದೊರೆಯದಿದ್ದರೆ, ಮೌನವು ಲೇಸು. ಆಹಾರವನ್ನು ತ್ಯಜಿಸಿದ ದಿನವಾದರೂ ನಾಲಗೆಗೆ ಈ ಉಪವಾಸವು ದೊರೆಯಲಿ.